ಹೆಪ್ಪಿನ ಹಾದಿ ಹುಡುಕಿದ ಡಾಕ್ಟರ್

ಮಕ್ಕಳೇ, ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಹಾಕಿ ಅಮ್ಮ ಹೆಪ್ಪು ಹಾಕುವುದನ್ನು ನೋಡಿದ್ದೀರಲ್ಲ? ಆಟವಾಡುವಾಗ ಮಂಡಿ ತರಚಿದರೆ ನಮ್ಮ ರಕ್ತವೂ ಹೆಪ್ಪುಗಟ್ಟುತ್ತದೆ. ಅದು ಒಳ್ಳೆಯದೇ, ಇಲ್ಲದಿದ್ದರೆ ರಕ್ತ ಸೋರುತ್ತಲೇ ಇರುತ್ತಿತ್ತು. ಆದರೆ ಗಾಯವೇ ಆಗದೆ ರಕ್ತನಾಳದ ಒಳಗೇ ಹೆಪ್ಪುಗಟ್ಟಿದರೆ? ಅದು ಪ್ರಾಣಕ್ಕೇ ಅಪಾಯ. ಹೀಗೆ ಯಾಕಾಗುತ್ತದೆ ಅಂತ ಹುಡುಕಿದವರು ರುಡಾಲ್ಫ್ ಫಿರ್ಖೋ.

ಫಿರ್ಖೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಆಗಿನ ಪ್ರಷ್ಯಾ ದೇಶದ ಒಂದು ಚಿಕ್ಕ ಊರಿನಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ. ಮನೆಯಲ್ಲಿ ಹೆಚ್ಚು ದುಡ್ಡಿರಲಿಲ್ಲ. ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಬರ್ಲಿನ್‌ಗೆ ಹೋಗಿ ಡಾಕ್ಟರ್ ಓದಿದರು. ಆಮೇಲೆ ಅಲ್ಲಿನ ಶಾರಿಟೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಕಾಯಿಲೆಯಿಂದ ತೀರಿಕೊಂಡವರ ದೇಹವನ್ನು ಪರೀಕ್ಷಿಸಿ ಕಾರಣ ಹುಡುಕುವುದೇ ಅವರ ಕೆಲಸ.

ಕೆಲವರ ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪು ಸಿಕ್ಕಿಕೊಂಡಿರುವುದು ಅವರಿಗೆ ಕಾಣಿಸಿತು. ಅದು ಅಲ್ಲೇ ಹುಟ್ಟಿದ್ದೆಂದು ಅವರು ಸುಮ್ಮನಾಗಲಿಲ್ಲ. ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರು. ಕಾಲಿನಂಥ ದೂರದ ಜಾಗದ ರಕ್ತನಾಳದಲ್ಲಿ ಹುಟ್ಟಿದ ಹೆಪ್ಪು ತುಂಡಾಗಿ, ರಕ್ತದ ಜೊತೆ ತೇಲಿ ಬಂದು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ತೋರಿಸಿದರು. ಆಗ ಅವರಿಗೆ ಇನ್ನೂ 25ರ ಆಸುಪಾಸು!

1848ರಲ್ಲಿ ಸೈಲೀಸಿಯಾ ಎಂಬ ಬಡ ಪ್ರದೇಶದಲ್ಲಿ ಟೈಫಸ್ ಜ್ವರ ಹರಡಿತು. ಸರ್ಕಾರ ಫಿರ್ಖೋ ಅವರನ್ನು ಅಲ್ಲಿಗೆ ಕಳಿಸಿತು. ಅಲ್ಲಿನ ಜನಕ್ಕೆ ಹೊಟ್ಟೆಗೆ ಹಿಟ್ಟಿರಲಿಲ್ಲ. ಅವರ ಭಾಷೆ ಪೋಲಿಷ್, ಅಧಿಕಾರಿಗಳ ಭಾಷೆ ಜರ್ಮನ್. ಬರೀ ಔಷಧಿ ಕೊಟ್ಟರೆ ಸಾಲದು, ಶಾಲೆ ಬೇಕು, ರಸ್ತೆ ಬೇಕು, ಜನರ ಭಾಷೆಗೆ ಮರ್ಯಾದೆ ಬೇಕು ಎಂದು ಫಿರ್ಖೋ ವರದಿ ಬರೆದರು. ಸರ್ಕಾರದ ಮೇಲೇ ತಪ್ಪು ಹೊರಿಸಿದರು. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಕ್ರಾಂತಿಯಲ್ಲೂ ಸೇರಿಕೊಂಡರು. ಇದರಿಂದ ಬರ್ಲಿನ್ ಬಿಡಬೇಕಾಯಿತು. ವ್ಯೂರ್ತ್ಸ್‌ಬುರ್ಗ್ ಊರಿನಲ್ಲಿ ಏಳು ವರ್ಷ ಪಾಠ ಹೇಳಿ, 1856ರಲ್ಲಿ ಮರಳಿ ಬಂದರು. ಮುಂದೆ ಬರ್ಲಿನ್ ನಗರಸಭೆಯ ಸದಸ್ಯರಾಗಿ ಊರಿಗೆ ಒಳಚರಂಡಿ, ಆಸ್ಪತ್ರೆಗಳು ಬರಲು ದುಡಿದರು.

ಅವರೂ ತಪ್ಪು ಮಾಡಿದ್ದುಂಟು. ಕ್ರಿಮಿಗಳಿಂದಲೇ ರೋಗ ಬರುತ್ತದೆ ಎಂದು ಬೇರೆ ವಿಜ್ಞಾನಿಗಳು ಹೇಳಿದಾಗ ಬಹಳ ಕಾಲ ಅನುಮಾನಪಟ್ಟರು. 1902ರ ಆರಂಭದಲ್ಲಿ ಟ್ರಾಮ್‌ನಿಂದ ಇಳಿಯುವಾಗ ಬಿದ್ದು ತೊಡೆಮೂಳೆ ಮುರಿಯಿತು. ಅದೇ ವರ್ಷ ಸೆಪ್ಟೆಂಬರ್ 5ರಂದು, 80ನೇ ವಯಸ್ಸಿನಲ್ಲಿ ತೀರಿಕೊಂಡರು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ, ಕಾಯಿಲೆ ಜೋರಾದ ಎಷ್ಟೋ ಜನರ ಶ್ವಾಸಕೋಶದಲ್ಲಿ ಹೆಪ್ಪುಗಳು ಕಂಡವು. ವೈದ್ಯರಿಗೆ ಫಿರ್ಖೋ ನೆನಪಾದರು. ರಕ್ತನಾಳದೊಳಗೆ ಹೆಪ್ಪುಗಟ್ಟಲು ಮೂರು ಕಾರಣಗಳಿವೆ: ನಾಳದ ಗೋಡೆಗೆ ಪೆಟ್ಟು, ರಕ್ತದ ಹರಿವು ನಿಧಾನವಾಗುವುದು, ರಕ್ತದಲ್ಲೇ ಆಗುವ ಬದಲಾವಣೆ. ಈ ಮೂರನ್ನು ವೈದ್ಯರು ಇಂದಿಗೂ ಫಿರ್ಖೋ ಹೆಸರಿನಿಂದಲೇ ಕರೆಯುತ್ತಾರೆ.

ಕೋವಿಡ್‌ನಲ್ಲಿ ಮೂರೂ ಒಟ್ಟಿಗೆ ಬಂದವು. ನಮ್ಮ ಬಿಳಿ ರಕ್ತಕಣಗಳು ಸೈನಿಕರ ಹಾಗೆ. ವೈರಸ್ ಬಂದಾಗ ಅದರ ಮೇಲೆ ಬೀಳುತ್ತವೆ. ಕೆಲವು ಕಣಗಳು ತಮ್ಮೊಳಗಿನ ಡಿಎನ್ಎಯನ್ನೇ ಬಲೆಯಂತೆ ಹೊರಗೆ ಎಸೆಯುತ್ತವೆ. ಶತ್ರುವನ್ನು ಹಿಡಿಯುವ ಉಪಾಯ ಅದು. ಆದರೆ ಬಲೆಗಳು ಅತಿಯಾದರೆ ಅವುಗಳಿಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಹೆಪ್ಪು ಬೆಳೆಯುತ್ತದೆ. ಸೈನಿಕರ ಗಲಾಟೆಯಲ್ಲಿ ನಾಳದ ಗೋಡೆಗೂ ಪೆಟ್ಟು ಬೀಳುತ್ತದೆ. ಹಾಸಿಗೆ ಹಿಡಿದವರ ಕಾಲಿನಲ್ಲಿ ರಕ್ತದ ಹರಿವು ನಿಧಾನವಾಗುತ್ತದೆ. ಹಾಗಾಗಿ ಆಸ್ಪತ್ರೆ ಸೇರಿದ ರೋಗಿಗಳಿಗೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಔಷಧಿ ಕೊಟ್ಟರು.

ಬಿಳಿ ಕಣಗಳ ಈ ಬಲೆ ಫಿರ್ಖೋಗೆ ಗೊತ್ತಿರಲಿಲ್ಲ. ಅದು ಪತ್ತೆಯಾದದ್ದು ಅವರು ಹೋಗಿ ನೂರು ವರ್ಷವಾದ ಮೇಲೆ. ಆದರೆ ಹೆಪ್ಪು ಕಂಡಾಗ ಯಾವ ಪ್ರಶ್ನೆ ಕೇಳಬೇಕು ಅಂತ ಅವರು ಮೊದಲೇ ತೋರಿಸಿಕೊಟ್ಟಿದ್ದರು: ಇದು ಎಲ್ಲಿಂದ ಬಂತು, ಯಾಕೆ ಬಂತು? ಅದೇ ಪ್ರಶ್ನೆಯನ್ನು ಅವರು ಸೈಲೀಸಿಯಾದ ಬಡವರ ಜ್ವರ ನೋಡಿದಾಗಲೂ ಕೇಳಿದ್ದರು.