ಖಾಶಾಬಾ ಜಾಧವ: ಮನೆ ಅಡವಿಟ್ಟ ಗುರು, ಋಣ ತೀರಿಸಿದ ಶಿಷ್ಯ

ನಮ್ಮ ಕಾಸರಗೋಡಿನ ಯಾವ ಬಯಲಿಗೆ ಹೋದರೂ ಸಂಜೆ ಹೊತ್ತಿಗೆ ಮಕ್ಕಳು ಫುಟ್‌ಬಾಲ್ ಆಡುವುದನ್ನು ಕಾಣುತ್ತೇವೆ. ಮಹಾರಾಷ್ಟ್ರದ ಕೊಲ್ಹಾಪುರದಲ್ಲಿಯೂ ಈ ಆಟದ ಹುಚ್ಚು ಬಹಳ. ಆದರೆ ಅಲ್ಲಿಯ ತಂಡಗಳ ಹೆಸರು ಕೇಳಿದರೆ ಹೊಸಬರಿಗೆ ಸೋಜಿಗವಾದೀತು. ಪಾಟಾಕಡೀಲ ತಾಲೀಮು, ದಿಲ್‌ಬಹಾರ್ ತಾಲೀಮು, ಬಾಲಗೋಪಾಲ ತಾಲೀಮು ಎಂದೆಲ್ಲ ಹೆಸರುಗಳು. ತಾಲೀಮು ಎಂದರೆ ಕುಸ್ತಿಯ ಗರಡಿಮನೆ. ಚೆಂಡಾಟದವರ ಸಂಘಕ್ಕೆ ಗರಡಿಯ ಹೆಸರು ಏಕೆಂದರೆ, ಆ ಊರಿನಲ್ಲಿ ಚೆಂಡಿಗಿಂತ ಮೊದಲು ಬಂದದ್ದು ಗರಡಿ. ಕೇರಿಗೊಂದು ಗರಡಿ ಇತ್ತು. ಕೇರಿಯ ಹುಡುಗರು ಆಟ ಬದಲಿಸಿದರೂ ಹೆಸರು ಬದಲಿಸಲಿಲ್ಲ.

ಗರಡಿ ಎಂದರೆ ತುಳುನಾಡಿನವರಾದ ನಮಗೆ ಕೋಟಿ ಚೆನ್ನಯರ ನೆನಪು. ಕೊಲ್ಹಾಪುರದವರಿಗೆ ಅದು ಕೆಮ್ಮಣ್ಣಿನ ಅಖಾಡದ ನೆನಪು. ಆ ಕೆಮ್ಮಣ್ಣಿನಿಂದ ಎದ್ದು ಹೋಗಿ, ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಮೊತ್ತಮೊದಲ ವೈಯಕ್ತಿಕ ಪದಕವನ್ನು ತಂದವರು ಖಾಶಾಬಾ ದಾದಾಸಾಹೇಬ ಜಾಧವರು. ಅವರ ಹೆಸರು ಬಲ್ಲ ವಿದ್ಯಾರ್ಥಿಗಳು ಇಂದು ತರಗತಿಗೊಬ್ಬರು ಸಿಕ್ಕಿದರೂ ಪುಣ್ಯ. ಆದುದರಿಂದ ಅವರ ಕಥೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಜಾಧವರು ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡ ತಾಲೂಕಿನ ಗೋಳೇಶ್ವರ ಎಂಬ ಹಳ್ಳಿಯಲ್ಲಿ. ತಂದೆ ದಾದಾಸಾಹೇಬರು ಸ್ವತಃ ಪೈಲ್ವಾನರು. ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕೊನೆಯವರು. ನಡೆಯಲು ಕಲಿತ ಮೇಲೆ ಕುಸ್ತಿ ಕಲಿಯುವುದು ಆ ಮನೆಯ ಕ್ರಮವೇ ಆಗಿತ್ತು. ಕರಾಡದ ತಿಲಕ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ 1942ರ ಚಳವಳಿ ಬಂತು. ಸಾತಾರಾ ಜಿಲ್ಲೆ ಆ ಚಳವಳಿಯ ದೊಡ್ಡ ಕೇಂದ್ರ. ಭೂಗತರಾಗಿದ್ದ ಕಾರ್ಯಕರ್ತರಿಗೆ ಆಶ್ರಯ ಕೊಡುವುದು, ಅವರ ಪತ್ರಗಳನ್ನು ಮುಟ್ಟಿಸುವುದು, ಇಂತಹ ಕೆಲಸಗಳಲ್ಲಿ ಈ ಹುಡುಗನೂ ಕೈಜೋಡಿಸಿದ್ದನು.

ಮುಂದೆ ಓದಿಗಾಗಿ ಕೊಲ್ಹಾಪುರದ ರಾಜಾರಾಮ ಕಾಲೇಜಿಗೆ ಸೇರಿದರು. ಕುಸ್ತಿಗೆ ಅದಕ್ಕಿಂತ ತಕ್ಕ ಊರು ಬೇರೊಂದಿರಲಿಲ್ಲ. 1894ರಿಂದ 1922ರ ತನಕ ಆಳಿದ ಶಾಹು ಮಹಾರಾಜರು ಕುಸ್ತಿಗೆ ರಾಜಾಶ್ರಯ ಕೊಟ್ಟಿದ್ದರು. ಯುರೋಪ್ ಪ್ರವಾಸದಲ್ಲಿ ರೋಮಿನ ಪುರಾತನ ಕ್ರೀಡಾಂಗಣವನ್ನು ನೋಡಿ ಬಂದು, ಅದರ ಮಾದರಿಯಲ್ಲಿ 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. ನಡುವೆ ಕೆಮ್ಮಣ್ಣಿನ ಕಣ. ಸುತ್ತ ಸಾವಿರಾರು ಜನ ಕುಳಿತು ನೋಡಬಹುದಾದ ಏರು. ಅಲ್ಲಿ ಕುಸ್ತಿ ಇದ್ದ ದಿನ ಜನ ಇಚಲಕರಂಜಿಯ ಮಗ್ಗ ನಿಲ್ಲಿಸಿ ಬರುತ್ತಿದ್ದರು, ಗಡಹಿಂಗ್ಲಜದ ಕಡೆಯಿಂದ ಗಾಡಿ ಕಟ್ಟಿ ಬರುತ್ತಿದ್ದರು. ಆ ಎರಡೂ ಊರುಗಳಲ್ಲಿ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ. ಬೆಳಗಾವಿ, ಧಾರವಾಡದ ಜಾತ್ರೆಯ ಕುಸ್ತಿಗಳಿಗೂ ಕೊಲ್ಹಾಪುರದ ಪೈಲ್ವಾನರು ಬರುವುದು ವಾಡಿಕೆ. ಗಡಿ ಎಂಬುದು ಪೈಲ್ವಾನರಿಗೆ ಲೆಕ್ಕವಿರಲಿಲ್ಲ.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ಸ್ವತಂತ್ರ ಭಾರತ ತನ್ನ ಧ್ವಜದಡಿಯಲ್ಲಿ ಭಾಗವಹಿಸಿದ ಮೊದಲ ಕೂಟ ಅದು. ಜಾಧವರ ಪ್ರಯಾಣದ ಖರ್ಚನ್ನು ಕೊಲ್ಹಾಪುರದ ಮಹಾರಾಜರು ವಹಿಸಿಕೊಂಡರು. ಆದರೆ ಲಂಡನ್ನಿಗೆ ಹೋದ ಮೇಲೆ ಗೊತ್ತಾಯಿತು, ಅಲ್ಲಿಯ ಕುಸ್ತಿಯೇ ಬೇರೆ ಎಂದು.

ಈ ವ್ಯತ್ಯಾಸವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿ, ಎದೆ ಆಕಾಶ ನೋಡಿದರೆ ಮಾತ್ರ ಗೆಲುವು. ಅದಕ್ಕೆ ಐದು ನಿಮಿಷ ಹಿಡಿಯಲಿ, ಒಂದು ಗಂಟೆ ಹಿಡಿಯಲಿ, ಚಿಂತೆಯಿಲ್ಲ. ಮಣ್ಣಿನಲ್ಲಿ ಕಾಲು ಹೂತು ನಿಲ್ಲುತ್ತದೆ, ಕಾದು ಕುಳಿತು ಪಟ್ಟು ಹಾಕಬಹುದು. ಒಲಿಂಪಿಕ್ಸಿನಲ್ಲಿ ಮಣ್ಣಿಲ್ಲ, ಮೆತ್ತೆಯ ಮ್ಯಾಟು. ಅದರ ಮೇಲೆ ಕಾಲಿಗೆ ಸಿಗುವ ಹಿಡಿತವೇ ಬೇರೆ. ಹೊತ್ತಿಗೆ ಮಿತಿಯಿದೆ. ಚಿತ್ ಮಾಡದಿದ್ದರೂ ತೀರ್ಪುಗಾರರ ಅಂಕಗಳಿಂದ ಸೋಲು ಗೆಲುವು ನಿರ್ಧಾರವಾಗುತ್ತದೆ. ಮಣ್ಣಿನಲ್ಲಿ ಬೆಳೆದವನಿಗೆ ಮ್ಯಾಟು ಎಂದರೆ, ನಮ್ಮ ಹೊಳೆಯಲ್ಲಿ ಈಜು ಕಲಿತವನನ್ನು ಕಡಲಿಗೆ ದೂಡಿದಂತೆ. ರೀಸ್ ಗಾರ್ಡ್‌ನರ್ ಎಂಬ ತರಬೇತುದಾರರು ಜಾಧವರಿಗೆ ಅದನ್ನು ಕಲಿಸಿಕೊಟ್ಟರು. 52 ಕಿಲೋ ತೂಕದ ವಿಭಾಗದಲ್ಲಿ ಸೆಣಸಿದ ಜಾಧವರು ಆರನೆಯ ಸ್ಥಾನ ಪಡೆದರು. ಮ್ಯಾಟಿಗೆ ಹೊಸಬನಾದವನಿಗೆ ಅದು ಸಣ್ಣ ಸಾಧನೆಯಲ್ಲ. ಆದರೆ ಅವರಿಗೆ ತೃಪ್ತಿಯಾಗಲಿಲ್ಲ. ಮುಂದಿನ ನಾಲ್ಕು ವರ್ಷಗಳನ್ನು ಸಾಧನೆಗೆ ಮೀಸಲಿಟ್ಟರು. ತೂಕ ಹೆಚ್ಚಿಸಿಕೊಂಡು 57 ಕಿಲೋ ವಿಭಾಗಕ್ಕೆ ಏರಿದರು.

1952ರ ಕೂಟ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಈ ಸಲ ಎರಡು ಅಡ್ಡಿಗಳು ಎದುರಾದವು. ಮೊದಲನೆಯದು ಆಯ್ಕೆ. ಮದರಾಸಿನಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ತಮಗೆ ಅಂಕದಲ್ಲಿ ಅನ್ಯಾಯವಾಯಿತೆಂದು ಜಾಧವರಿಗೆ ಅನಿಸಿತು. ಅವರು ಸುಮ್ಮನೆ ಕೂರಲಿಲ್ಲ. ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಪಟಿಯಾಲಾ ಮಹಾರಾಜರಲ್ಲಿ ನ್ಯಾಯ ಕೇಳಿದರು. ಮತ್ತೊಮ್ಮೆ ಕುಸ್ತಿ ಏರ್ಪಾಡಾಯಿತು. ಅದರಲ್ಲಿ ಎದುರಾಳಿಯನ್ನು ಕೆಡವಿ ತಂಡದಲ್ಲಿ ಸ್ಥಾನ ಗಳಿಸಿದರು.

ಎರಡನೆಯದು ಹಣ. 1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿಹೋಗಿತ್ತು. ಹಿಂದಿನ ಸಲ ಕೈಹಿಡಿದ ರಾಜಾಶ್ರಯ ಈಗ ಇರಲಿಲ್ಲ. ಹೊಸ ಸರಕಾರಕ್ಕೆ ಕುಸ್ತಿ ಇನ್ನೂ ತನ್ನ ಹೊಣೆಯಾಗಿ ಕಂಡಿರಲಿಲ್ಲ. ರಾಜರು ಹೋಗಿ ಪ್ರಜಾಸತ್ತೆ ಬಂದ ಆ ಸಂಧಿಕಾಲದಲ್ಲಿ ಕಲಾವಿದರೂ ಪೈಲ್ವಾನರೂ ನಡುನೀರಿನಲ್ಲಿ ಉಳಿದದ್ದು ದೇಶದ ಅನೇಕ ಕಡೆಗಳಲ್ಲಿ ನಡೆದ ಸಂಗತಿ. ಜಾಧವರು ಊರಿನ ಮನೆಬಾಗಿಲುಗಳಿಗೆ ಹೋಗಿ ಕೇಳಿದರು. ಗೋಳೇಶ್ವರ ಮತ್ತು ಕರಾಡದ ಜನ, ಅಂಗಡಿಯವರು ಕೈಲಾದುದನ್ನು ಕೊಟ್ಟರು. ಅಷ್ಟಾದರೂ ಖರ್ಚಿಗೆ ಸಾಲಲಿಲ್ಲ. ಆಗ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೀಕರರು ತಮ್ಮ ಸ್ವಂತ ಮನೆಯನ್ನು ಅಡವಿಟ್ಟು 7000 ರೂಪಾಯಿ ತಂದು ಶಿಷ್ಯನ ಕೈಗೆ ಕೊಟ್ಟರು.

ಅಧ್ಯಾಪಕರಾದ ನಮಗೆ ಈ ಮಾತನ್ನು ಬರೆಯುವಾಗ ಲೇಖನಿ ತುಸು ನಿಲ್ಲುತ್ತದೆ. ಕ್ರೀಡಾಕೂಟಕ್ಕೆ ಹೊರಟ ಮಕ್ಕಳ ಬಸ್ಸಿನ ಖರ್ಚಿಗೆ, ಮಧ್ಯಾಹ್ನದ ಊಟಕ್ಕೆ ನಾವೂ ಕಿಸೆಯಿಂದ ಹಾಕಿದ್ದುಂಟು; ಹಾಕಿ, ಸಂಬಳದ ದಿನದ ತನಕ ಲೆಕ್ಕ ಹಾಕುತ್ತ ಕುಳಿತದ್ದೂ ಉಂಟು. ಆ ಕಾಲದ 7000 ರೂಪಾಯಿ ಎಂದರೆ ಅಧ್ಯಾಪಕನೊಬ್ಬನ ಅನೇಕ ವರ್ಷಗಳ ಉಳಿತಾಯ. ಶಿಷ್ಯ ಸೋತು ಬಂದಿದ್ದರೆ ಗುರುವಿನ ಸಂಸಾರ ಬೀದಿಗೆ ಬೀಳುವ ಸಂಭವವಿತ್ತು. ಗೆಲ್ಲುತ್ತಾನೆಂಬ ಖಾತ್ರಿ ಯಾರಿಗೂ ಇರಲಿಲ್ಲ. ಹುಡುಗ ಯೋಗ್ಯನೆಂಬ ನಂಬಿಕೆಯೊಂದೇ ಆ ಸಾಲಕ್ಕೆ ಜಾಮೀನು.

ಹೆಲ್ಸಿಂಕಿಯಲ್ಲಿ ಜಾಧವರು ಕೆನಡಾದ ಪೋಲಿಕಿನ್, ಮೆಕ್ಸಿಕೋದ ಬಸುರ್ತೋ, ಜರ್ಮನಿಯ ಷ್ಮಿಟ್ಸ್ ಇವರನ್ನು ಸೋಲಿಸಿದರು. ಕೊನೆಗೆ ಜಪಾನಿನ ಇಶಿಯಿ ಮತ್ತು ಸೋವಿಯೆತ್ ದೇಶದ ಮಾಮೆದ್‌ಬೆಯೋವ್ ಇವರಿಬ್ಬರೆದುರು ಸೋತರು. ಒಂದು ಕುಸ್ತಿಯ ಬೆನ್ನಿಗೇ ಇನ್ನೊಂದಕ್ಕೆ ಇಳಿಯಬೇಕಾಯಿತೆಂದೂ, ನಿಯಮದ ಪ್ರಕಾರ ನಡುವೆ ವಿಶ್ರಾಂತಿ ಸಲ್ಲಬೇಕೆಂದು ಕೇಳಲು ನಮ್ಮ ಅಧಿಕಾರಿಗಳು ಯಾರೂ ಹತ್ತಿರ ಇರಲಿಲ್ಲವೆಂದೂ ಕೊಲ್ಹಾಪುರದ ಕಡೆ ಇಂದಿಗೂ ಹೇಳುತ್ತಾರೆ. ಇಶಿಯಿಗೆ ಚಿನ್ನ, ಮಾಮೆದ್‌ಬೆಯೋವ್‌ಗೆ ಬೆಳ್ಳಿ, ಜಾಧವರಿಗೆ ಕಂಚು. ಆ ದಿನ 1952ರ ಜುಲೈ 23. ಅದೇ ಕೂಟದಲ್ಲಿ ಇನ್ನೊಬ್ಬ ಭಾರತೀಯ ಪೈಲ್ವಾನ ಮಾಣಗಾವೆಯವರು ತಮ್ಮ ವಿಭಾಗದಲ್ಲಿ ನಾಲ್ಕನೆಯವರಾಗಿ ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡರು. ಮರುದಿನ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತು. ಹಾಕಿಯ ಚಿನ್ನದ ಬೆಳಕಿನಲ್ಲಿ ಕುಸ್ತಿಯ ಕಂಚು ದೇಶದ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ.

ಆದರೆ ಹುಟ್ಟಿದ ಊರಿಗೆ ಅದರ ಬೆಲೆ ಗೊತ್ತಿತ್ತು. ಕರಾಡ ರೈಲು ನಿಲ್ದಾಣದಲ್ಲಿ ನೂರಕ್ಕೂ ಮಿಕ್ಕಿದ ಎತ್ತಿನ ಗಾಡಿಗಳು ಅವರಿಗಾಗಿ ಕಾದಿದ್ದವು. ಸ್ವಲ್ಪವೇ ಹೊತ್ತಿನಲ್ಲಿ ಮುಗಿಯಬೇಕಾದ ಗೋಳೇಶ್ವರದ ದಾರಿಗೆ ಮೆರವಣಿಗೆಯಲ್ಲಿ ಏಳು ಗಂಟೆ ಹಿಡಿಯಿತಂತೆ. ಖರ್ಚಿಗೆ ಕೊಟ್ಟವರೇ ಡೋಲು ಬಾರಿಸಿಕೊಂಡು ಮುಂದೆ ನಡೆದರು.

ಮೆರವಣಿಗೆ ಮುಗಿದ ಮೇಲೆ ಜಾಧವರು ಮಾಡಿದ ಕೆಲಸವೇ ನಮಗೆ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವರು ಕೊಲ್ಹಾಪುರದಲ್ಲಿ ಕುಸ್ತಿಗಳನ್ನು ಏರ್ಪಡಿಸಿದರು. ಆಡಿ, ಗೆದ್ದು, ಬಂದ ಹಣವನ್ನು ಖರ್ಡೀಕರರಿಗೆ ಒಪ್ಪಿಸಿ ಗುರುವಿನ ಮನೆಯನ್ನು ಅಡವಿನಿಂದ ಬಿಡಿಸಿದರು. ಒಲಿಂಪಿಕ್ ವಿಜೇತನೊಬ್ಬ ಮತ್ತೆ ಕೆಮ್ಮಣ್ಣಿಗೆ ಇಳಿದದ್ದು ಕೀರ್ತಿಗಾಗಿ ಅಲ್ಲ, ಋಣ ತೀರಿಸುವುದಕ್ಕಾಗಿ.

1955ರಲ್ಲಿ ಜಾಧವರು ಪೊಲೀಸ್ ಇಲಾಖೆಗೆ ಸಬ್ ಇನ್‌ಸ್ಪೆಕ್ಟರರಾಗಿ ಸೇರಿದರು. 1956ರ ಮೆಲ್ಬರ್ನ್ ಕೂಟಕ್ಕೆ ಹೋಗುವ ಹಂಬಲವಿತ್ತು. ಮೊಣಕಾಲಿನ ಪೆಟ್ಟು ಅದಕ್ಕೆ ಅಡ್ಡ ಬಂತು. ಆಮೇಲೆ ಇಲಾಖೆಯ ಪಂದ್ಯಗಳಲ್ಲಿ ಗೆಲ್ಲುತ್ತ, ಕ್ರೀಡಾ ಬೋಧಕರಾಗಿ ಇತರರನ್ನು ತಿದ್ದುವ ಕೆಲಸಕ್ಕೂ ತೊಡಗಿದರು. ಮಣ್ಣಿನಿಂದ ಮ್ಯಾಟಿಗೆ ದಾಟುವ ಕಷ್ಟವನ್ನು ಲಂಡನ್ನಿನಲ್ಲಿ ತಾವೇ ಉಂಡವರು ಅವರು. ಕಲಿಸಲು ಅಂಥವರಿಗಿಂತ ಅರ್ಹರು ಯಾರು? ಆದರೆ ಕಲಿಸುವವನೊಬ್ಬ ಇದ್ದರೆ ಸಾಲದು. ಹಳ್ಳಿಯ ಗರಡಿಗೆ ಮ್ಯಾಟು ಬೇಕು, ಹುಡುಗರ ಹೊಟ್ಟೆಗೆ ಹಾಲು ಬೇಕು, ಅವರನ್ನು ಹುಡುಕಿ ಕರೆತರುವ ವ್ಯವಸ್ಥೆ ಬೇಕು. ಅವು ಬರಲಿಲ್ಲ. 1996ರಲ್ಲಿ ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಕಂಚು ಗೆಲ್ಲುವ ತನಕ, ಅಂದರೆ 44 ವರ್ಷ, ಭಾರತಕ್ಕೆ ಇನ್ನೊಂದು ವೈಯಕ್ತಿಕ ಪದಕ ಬರಲಿಲ್ಲ. ಕುಸ್ತಿಯಲ್ಲಂತೂ 2008ರಲ್ಲಿ ಸುಶೀಲ್ ಕುಮಾರರ ತನಕ, 56 ವರ್ಷ ಕಾಯಬೇಕಾಯಿತು.

27 ವರ್ಷಗಳ ಸೇವೆಯ ಕೊನೆಗೆ ಸಹಾಯಕ ಪೊಲೀಸ್ ಕಮಿಶನರರಾಗಿ ನಿವೃತ್ತರಾದರು. ಪಿಂಚಣಿಗಾಗಿ ಅವರು ಹೋರಾಡಬೇಕಾಯಿತೆಂಬುದು ನಾಚಿಕೆಯ ಸಂಗತಿ. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಜ್ಯೋತಿಯಾತ್ರೆಯಲ್ಲಿ ಅವರಿಗೂ ಒಂದು ಪಾಲು ಸಿಕ್ಕಿತು. ಬದುಕಿದ್ದಾಗ ದೊರೆತ ಕೆಲವೇ ಗೌರವಗಳಲ್ಲಿ ಅದೊಂದು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಆ ಲೆಕ್ಕದಿಂದ ಅವರು ಹೋಗಿ ಎಷ್ಟು ಕಾಲವಾಯಿತೆಂದು ಓದುಗರು ತಿಳಿಯಬಹುದು.

ಆಮೇಲೆ ಮನ್ನಣೆಗಳು ಒಂದೊಂದಾಗಿ ಬಂದವು. ಮರಣೋತ್ತರವಾಗಿ ಮಹಾರಾಷ್ಟ್ರ ಸರಕಾರದ ಶಿವಛತ್ರಪತಿ ಪ್ರಶಸ್ತಿ ಬಂತು, ಅರ್ಜುನ ಪ್ರಶಸ್ತಿಯೂ ಬಂತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಳೆಗೆ ದಿಲ್ಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಇದ್ದಾಗ ಅನ್ನ ಬಡಿಸದೆ, ಹೋದ ಮೇಲೆ ಎಡೆ ಇಡುವುದು ನಮ್ಮಲ್ಲಿ ಹೊಸ ಕ್ರಮವೇನಲ್ಲ.

ಈಗ ಕಾಲ ಬದಲಾಗಿದೆ. ಆಟಗಾರರಿಗೆ ಉದ್ಯೋಗವಿದೆ, ಪದಕ ತಂದವರಿಗೆ ಕೋಟಿಗಟ್ಟಲೆ ಬಹುಮಾನವಿದೆ. ಆದರೆ ಬಹುಮಾನ ಸಿಗುವುದು ಗೆದ್ದು ಬಂದ ಮೇಲೆ. ಹೊರಡುವ ಮೊದಲಿನ ದಿನಗಳಲ್ಲಿ, ಹೆಸರಿಲ್ಲದ ಹುಡುಗನೋ ಹುಡುಗಿಯೋ ಬೂಟಿಗೆ, ಬಸ್ಸಿಗೆ, ಊಟಕ್ಕೆ ಕಾಸಿಲ್ಲದೆ ನಿಂತಿರುವಾಗ ಯಾರಾದರೊಬ್ಬರು ನಂಬಬೇಕು. ಅದಕ್ಕೆ ಎಲ್ಲರೂ ಮನೆ ಅಡವಿಡಬೇಕಾಗಿಲ್ಲ. ನಮ್ಮ ಬಯಲಿನಲ್ಲಿ ಸಂಜೆ ಬರಿಗಾಲಲ್ಲಿ ಚೆಂಡು ಒದೆಯುವ ಮಗುವಿನ ಹೆಸರನ್ನು ಒಮ್ಮೆ ಕೇಳಿ ತಿಳಿದುಕೊಂಡರೂ ಅದು ಒಳ್ಳೆಯ ಆರಂಭವೇ.