ಫ್ರೆಡರಿಕ್ ಡಗ್ಲಾಸ್

ಫ್ರೆಡರಿಕ್ ಡಗ್ಲಾಸ್ (ಫೆಬ್ರವರಿ ೧೮೧೮ – ಫೆಬ್ರವರಿ ೨೦, ೧೮೯೫) ಅಮೆರಿಕ ಸಂಯುಕ್ತ ಸಂಸ್ಥಾನದ ಸಮಾಜ ಸುಧಾರಕ, ವಾಗ್ಮಿ, ಲೇಖಕ ಹಾಗೂ ಪತ್ರಿಕಾ ಸಂಪಾದಕ. ಗುಲಾಮರಾಗಿ ಜನಿಸಿದ ಇವರು ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ತಪ್ಪಿಸಿಕೊಂಡು, ಗುಲಾಮಗಿರಿ ನಿರ್ಮೂಲನಾ ಚಳವಳಿಯ ಪ್ರಮುಖ ನಾಯಕರಲ್ಲಿ ಒಬ್ಬರಾದರು. ಕಪ್ಪು ಜನರ ಪೌರಹಕ್ಕುಗಳಿಗಾಗಿ ಮತ್ತು ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದರು. ಗುಲಾಮರು ಓದು ಕಲಿಯಬಾರದೆಂದು ನಂಬಿದ್ದ ಸಮಾಜದಲ್ಲಿ ಗುಟ್ಟಾಗಿ ಅಕ್ಷರ ಕಲಿತ ಇವರು ಮೂರು ಆತ್ಮಚರಿತ್ರೆಗಳನ್ನು ರಚಿಸಿದ್ದಾರೆ.

ಜನನ ಮತ್ತು ಬಾಲ್ಯ

ಡಗ್ಲಾಸ್ ಅವರ ಮೂಲ ಹೆಸರು ಫ್ರೆಡರಿಕ್ ಆಗಸ್ಟಸ್ ವಾಷಿಂಗ್ಟನ್ ಬೈಲಿ. ಇವರು ಮೇರಿಲ್ಯಾಂಡ್ ರಾಜ್ಯದ ಟಾಲ್ಬಟ್ ಕೌಂಟಿಯಲ್ಲಿ ಜನಿಸಿದರು. ತಾಯಿ ಹ್ಯಾರಿಯೆಟ್ ಬೈಲಿ ಗುಲಾಮಳಾಗಿದ್ದರು. ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ ಎಂಬುದು ಅಂದಿನ ಕಾನೂನು. ತಂದೆ ಬಿಳಿಯ ವ್ಯಕ್ತಿ ಎಂಬ ಮಾತಿದ್ದರೂ ಅವರು ಯಾರೆಂಬುದು ಖಚಿತವಾಗಲಿಲ್ಲ. ಹುಟ್ಟಿದ ದಿನ ತಿಳಿಯದ ಕಾರಣ ಮುಂದೆ ಫೆಬ್ರವರಿ ೧೪ನ್ನು ಜನ್ಮದಿನವೆಂದು ತಾವೇ ಆರಿಸಿಕೊಂಡರು. ಎಳವೆಯಲ್ಲಿಯೇ ತಾಯಿಯಿಂದ ಬೇರ್ಪಟ್ಟ ಇವರನ್ನು ಅಜ್ಜಿ ಬೆಟ್ಸಿ ಬೈಲಿ ಸಾಕಿದರು.

ಅಕ್ಷರಾಭ್ಯಾಸ

೧೮೨೬ರಲ್ಲಿ ಇವರನ್ನು ಬಾಲ್ಟಿಮೋರ್ ನಗರದ ಹ್ಯೂ ಆಲ್ಡ್ ಅವರ ಮನೆಗೆ ಕಳುಹಿಸಲಾಯಿತು. ಮನೆಯೊಡತಿ ಸೋಫಿಯಾ ಆಲ್ಡ್ ಬಾಲಕನಿಗೆ ಅಕ್ಷರಮಾಲೆಯನ್ನು ಕಲಿಸತೊಡಗಿದರು. ಓದು ಕಲಿತ ಗುಲಾಮ ಹಿಡಿತದಲ್ಲಿ ಉಳಿಯುವುದಿಲ್ಲವೆಂದು ಹೇಳಿ ಹ್ಯೂ ಆಲ್ಡ್ ಪಾಠವನ್ನು ನಿಲ್ಲಿಸಿದರು. ಗುಲಾಮಗಿರಿಯಿಂದ ಬಿಡುಗಡೆಗೆ ದಾರಿ ಯಾವುದೆಂಬುದು ಈ ನಿಷೇಧದಿಂದಲೇ ಬಾಲಕನಿಗೆ ತಿಳಿದುಬಂತು. ಅನಂತರ ಇವರು ಬೀದಿಯಲ್ಲಿ ಆಡುತ್ತಿದ್ದ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಅವರಿಂದ ಓದಲು ಕಲಿತರು. ಹಡಗು ಕಟ್ಟೆಯಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ ಗುರುತಿಗಾಗಿ ಬರೆಯುತ್ತಿದ್ದ ಅಕ್ಷರಗಳನ್ನು ನೋಡಿ ಬರೆಯಲು ಕಲಿತರು.

ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ ‘ದಿ ಕೊಲಂಬಿಯನ್ ಒರೇಟರ್’ ಎಂಬ ಭಾಷಣ ಸಂಕಲನವನ್ನು ೫೦ ಸೆಂಟ್ ಕೊಟ್ಟು ಕೊಂಡುಕೊಂಡರು. ಇದೇ ಕಾಲದಲ್ಲಿ ‘ಅಬಾಲಿಷನ್’ ಎಂಬ ಪದ ಇವರ ಕಿವಿಗೆ ಬೀಳುತ್ತಿತ್ತು. ಇಂದು ಗುಲಾಮಗಿರಿಯ ನಿರ್ಮೂಲನೆ ಎಂಬ ಅರ್ಥದಲ್ಲಿ ಬಳಸುವ ಈ ಪದವನ್ನು ಇವರು ನಿಘಂಟಿನಲ್ಲಿ ಹುಡುಕಿದರು. ಇಲ್ಲವಾಗಿಸುವ ಕ್ರಿಯೆ ಎಂಬ ಅರ್ಥವಷ್ಟೇ ಅಲ್ಲಿತ್ತು. ಇಲ್ಲವಾಗಿಸುವುದು ಏನನ್ನು ಎಂಬುದು ತಿಳಿಯಲಿಲ್ಲ. ಯಾರನ್ನಾದರೂ ಕೇಳುವುದು ಅಪಾಯಕರವಾಗಿತ್ತು. ಗುಲಾಮಗಿರಿಯನ್ನು ರದ್ದುಪಡಿಸಬೇಕೆಂದು ಉತ್ತರದ ರಾಜ್ಯಗಳ ಜನರು ಸಲ್ಲಿಸಿದ ಮನವಿಗಳ ವರದಿಯನ್ನು ಪತ್ರಿಕೆಯೊಂದರಲ್ಲಿ ಓದಿದಾಗ ಆ ಪದದ ಅರ್ಥ ಸ್ಪಷ್ಟವಾಯಿತು. ತಮ್ಮಂಥವರ ಬಿಡುಗಡೆಗಾಗಿ ದುಡಿಯುವ ಜನ ಇದ್ದಾರೆಂಬುದೂ ಇದರಿಂದ ತಿಳಿಯಿತು.

ಪ್ರತಿರೋಧ ಮತ್ತು ಪಲಾಯನ

೧೮೩೩ರಲ್ಲಿ ಇವರನ್ನು ಮತ್ತೆ ಹಳ್ಳಿಗೆ ಕರೆಸಿಕೊಳ್ಳಲಾಯಿತು. ಮರುವರ್ಷ ಗುಲಾಮರನ್ನು ಹದ್ದುಬಸ್ತಿಗೆ ತರುವುದರಲ್ಲಿ ಹೆಸರಾಗಿದ್ದ ಎಡ್ವರ್ಡ್ ಕೋವಿ ಎಂಬ ರೈತನ ಬಳಿ ಬಾಡಿಗೆ ದುಡಿಮೆಗೆ ಬಿಡಲಾಯಿತು. ಸತತ ಚಾಟಿಯೇಟುಗಳನ್ನು ಸಹಿಸಿದ ಇವರು ಒಂದು ದಿನ ಕೋವಿಯನ್ನು ಎದುರಿಸಿ ಹೋರಾಡಿದರು. ಆ ಬಳಿಕ ಕೋವಿ ಇವರ ಮೇಲೆ ಕೈ ಮಾಡಲಿಲ್ಲ. ೧೮೩೬ರಲ್ಲಿ ತಪ್ಪಿಸಿಕೊಳ್ಳುವ ಯೋಜನೆ ಬಯಲಾಗಿ ಸೆರೆವಾಸ ಅನುಭವಿಸಿದರು. ಬಾಲ್ಟಿಮೋರ್‌ಗೆ ಮರಳಿದ ಮೇಲೆ ಹಡಗು ಕಟ್ಟೆಗಳಲ್ಲಿ ದುಡಿದರು. ಗಳಿಸಿದ ಕೂಲಿ ಒಡೆಯನ ಪಾಲಾಗುತ್ತಿತ್ತು.

೧೮೩೮ರ ಸೆಪ್ಟೆಂಬರ್ ೩ರಂದು ನಾವಿಕನ ಉಡುಪು ಧರಿಸಿ, ಬೇರೊಬ್ಬರಿಂದ ಪಡೆದ ಗುರುತುಪತ್ರದೊಂದಿಗೆ ರೈಲು ಏರಿ ನ್ಯೂಯಾರ್ಕ್ ಸೇರಿದರು. ಸ್ವತಂತ್ರ ಕಪ್ಪು ಮಹಿಳೆಯಾಗಿದ್ದ ಆನ್ನಾ ಮರ್ರೆ ಇದಕ್ಕೆ ನೆರವಾದರು. ಅದೇ ತಿಂಗಳು ಇಬ್ಬರೂ ವಿವಾಹವಾಗಿ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್‌ನಲ್ಲಿ ನೆಲೆಸಿದರು. ಸೆರೆಹಿಡಿಯುವವರ ಕಣ್ಣಿಗೆ ಬೀಳದಿರಲು ಬೈಲಿ ಎಂಬ ಹೆಸರನ್ನು ಕೈಬಿಟ್ಟು ಡಗ್ಲಾಸ್ ಎಂಬ ಹೆಸರನ್ನು ಇರಿಸಿಕೊಂಡರು.

ಚಳವಳಿ, ಬರವಣಿಗೆ ಮತ್ತು ಪತ್ರಿಕೆ

ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರ ‘ದಿ ಲಿಬರೇಟರ್’ ಪತ್ರಿಕೆಯನ್ನು ಓದುತ್ತ ಡಗ್ಲಾಸ್ ಚಳವಳಿಯತ್ತ ಸೆಳೆಯಲ್ಪಟ್ಟರು. ೧೮೪೧ರಲ್ಲಿ ನ್ಯಾಂಟಕೆಟ್ ದ್ವೀಪದ ಸಭೆಯಲ್ಲಿ ಮಾಡಿದ ಭಾಷಣದ ನಂತರ ಮ್ಯಾಸಚೂಸೆಟ್ಸ್ ಗುಲಾಮಗಿರಿ ವಿರೋಧಿ ಸಂಘದ ಭಾಷಣಕಾರರಾಗಿ ನೇಮಕಗೊಂಡರು. ಇಷ್ಟು ಸೊಗಸಾಗಿ ಮಾತನಾಡುವವರು ಗುಲಾಮರಾಗಿದ್ದುದು ಸುಳ್ಳೆಂದು ಕೆಲವರು ಶಂಕಿಸಿದರು. ಇದಕ್ಕೆ ಉತ್ತರವಾಗಿ ೧೮೪೫ರಲ್ಲಿ ಊರು, ಒಡೆಯರ ಹೆಸರುಗಳ ಸಮೇತ ತಮ್ಮ ಮೊದಲ ಆತ್ಮಚರಿತ್ರೆಯನ್ನು ಪ್ರಕಟಿಸಿದರು. ಇದರಿಂದ ಮತ್ತೆ ಸೆರೆಸಿಕ್ಕುವ ಅಪಾಯ ಉಂಟಾದ ಕಾರಣ ಐರ್ಲೆಂಡ್ ಮತ್ತು ಬ್ರಿಟನ್‌ಗೆ ತೆರಳಿದರು. ೧೮೪೬ರಲ್ಲಿ ಅಲ್ಲಿನ ಮಿತ್ರರು ಹಣ ಸಂಗ್ರಹಿಸಿ ಒಡೆಯನಿಂದ ಇವರ ಬಿಡುಗಡೆಯನ್ನು ಖರೀದಿಸಿದರು. ಹಣ ತೆತ್ತರೆ ಮನುಷ್ಯನನ್ನು ಆಸ್ತಿಯೆಂದು ಒಪ್ಪಿದಂತಾಗುತ್ತದೆಂಬ ಟೀಕೆಯೂ ಚಳವಳಿಯೊಳಗಿನಿಂದ ಕೇಳಿಬಂತು.

ಸ್ವದೇಶಕ್ಕೆ ಮರಳಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ೧೮೪೭ರ ಡಿಸೆಂಬರ್‌ನಲ್ಲಿ ‘ದಿ ನಾರ್ತ್ ಸ್ಟಾರ್’ ಪತ್ರಿಕೆಯನ್ನು ಆರಂಭಿಸಿದರು. ಇವರ ಮನೆ ಕೆನಡಾದತ್ತ ಸಾಗುವ ಪಲಾಯಿತ ಗುಲಾಮರಿಗೆ ಆಶ್ರಯವಾಗಿತ್ತು. ೧೮೪೮ರ ಸೆನೆಕಾ ಫಾಲ್ಸ್ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ಮತದಾನದ ಹಕ್ಕಿನ ನಿರ್ಣಯವನ್ನು ಬೆಂಬಲಿಸಿ ಮಾತನಾಡಿದರು. ಸಂವಿಧಾನವು ಗುಲಾಮಗಿರಿಯ ರಕ್ಷಕವೆಂಬ ಗ್ಯಾರಿಸನ್ ಅವರ ನಿಲುವನ್ನು ೧೮೫೧ರಲ್ಲಿ ಕೈಬಿಟ್ಟು, ಅದನ್ನು ಸ್ವಾತಂತ್ರ್ಯದ ಪರವಾಗಿ ಅರ್ಥೈಸಬಹುದೆಂದು ವಾದಿಸಿದರು. ೧೮೫೨ರ ಜುಲೈ ೫ರಂದು ಮಾಡಿದ ಭಾಷಣದಲ್ಲಿ ಗುಲಾಮರ ಪಾಲಿಗೆ ಸ್ವಾತಂತ್ರ್ಯ ದಿನಾಚರಣೆಯ ಅರ್ಥವೇನೆಂದು ಪ್ರಶ್ನಿಸಿದರು.

ಅಂತರ್ಯುದ್ಧ ಮತ್ತು ಪೌರಹಕ್ಕುಗಳು

ಅಮೆರಿಕದ ಅಂತರ್ಯುದ್ಧದ (೧೮೬೧–೧೮೬೫) ಸಮಯದಲ್ಲಿ ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸುವ ಕಾರ್ಯದಲ್ಲಿ ಡಗ್ಲಾಸ್ ತೊಡಗಿದರು. ಇವರ ಇಬ್ಬರು ಪುತ್ರರು ೫೪ನೆಯ ಮ್ಯಾಸಚೂಸೆಟ್ಸ್ ಪದಾತಿ ದಳವನ್ನು ಸೇರಿದರು. ಬಿಳಿಯ ಸೈನಿಕರಿಗೆ ತಿಂಗಳಿಗೆ ೧೩ ಡಾಲರ್ ಸಂಬಳವಿದ್ದರೆ ಕಪ್ಪು ಸೈನಿಕರಿಗೆ ೧೦ ಡಾಲರ್. ಅದರಲ್ಲೂ ಉಡುಪಿಗಾಗಿ ೩ ಡಾಲರ್ ಕಡಿತವಾಗುತ್ತಿತ್ತು. ೧೮೬೩ರಲ್ಲಿ ಡಗ್ಲಾಸ್ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರನ್ನು ಭೇಟಿಯಾಗಿ ಈ ತಾರತಮ್ಯವನ್ನು ಪ್ರಶ್ನಿಸಿದರು. ಸಮಾನ ವೇತನಕ್ಕೆ ೧೮೬೪ರಲ್ಲಿ ಕಾಂಗ್ರೆಸ್ ಒಪ್ಪಿಗೆ ನೀಡಿತು.

ಸಂವಿಧಾನದ ಮೂರು ತಿದ್ದುಪಡಿಗಳು ಈ ಹೋರಾಟಕ್ಕೆ ಕಾನೂನಿನ ರೂಪ ಕೊಟ್ಟವು. ೧೩ನೆಯದು (೧೮೬೫) ಗುಲಾಮಗಿರಿಯನ್ನು ರದ್ದುಪಡಿಸಿತು. ೧೪ನೆಯದು (೧೮೬೮) ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ನೀಡಿತು. ೧೫ನೆಯದು (೧೮೭೦) ಜನಾಂಗ ಅಥವಾ ಬಣ್ಣದ ಆಧಾರದಲ್ಲಿ ಮತದಾನದ ಹಕ್ಕನ್ನು ನಿರಾಕರಿಸುವುದನ್ನು ನಿಷೇಧಿಸಿತು. ಮಹಿಳೆಯರನ್ನು ಹೊರಗಿಟ್ಟ ಈ ತಿದ್ದುಪಡಿಯನ್ನು ಬೆಂಬಲಿಸಿದ್ದಕ್ಕಾಗಿ ಎಲಿಜಬೆತ್ ಕೇಡಿ ಸ್ಟಾಂಟನ್ ಮತ್ತು ಸೂಸನ್ ಬಿ. ಆಂಥನಿ ಅವರೊಂದಿಗೆ ಡಗ್ಲಾಸ್ ಅವರಿಗೆ ತೀವ್ರ ಭಿನ್ನಾಭಿಪ್ರಾಯ ಉಂಟಾಯಿತು.

ಕೊನೆಯ ವರ್ಷಗಳು

೧೮೭೨ರಲ್ಲಿ ರಾಚೆಸ್ಟರ್‌ನ ಮನೆ ಬೆಂಕಿಗೆ ಆಹುತಿಯಾದ ನಂತರ ಡಗ್ಲಾಸ್ ವಾಷಿಂಗ್ಟನ್‌ಗೆ ಸ್ಥಳಾಂತರಗೊಂಡರು. ಸರ್ಕಾರದ ಹಲವು ಹುದ್ದೆಗಳನ್ನು ನಿರ್ವಹಿಸಿ, ೧೮೮೯ರಿಂದ ೧೮೯೧ರವರೆಗೆ ಹೈಟಿ ದೇಶದಲ್ಲಿ ಅಮೆರಿಕದ ರಾಜತಾಂತ್ರಿಕ ಪ್ರತಿನಿಧಿಯಾಗಿದ್ದರು. ೧೮೮೨ರಲ್ಲಿ ಪತ್ನಿ ಆನ್ನಾ ನಿಧನರಾದರು. ೧೮೮೪ರಲ್ಲಿ ಬಿಳಿಯ ಮಹಿಳೆಯಾದ ಹೆಲೆನ್ ಪಿಟ್ಸ್ ಅವರನ್ನು ವಿವಾಹವಾದಾಗ ಎರಡೂ ಕುಟುಂಬಗಳಿಂದ ವಿರೋಧ ವ್ಯಕ್ತವಾಯಿತು.

ಈ ಅವಧಿಯಲ್ಲಿ ದೊರೆತ ಹಕ್ಕುಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. ಸಾರ್ವಜನಿಕ ಸ್ಥಳಗಳಲ್ಲಿ ತಾರತಮ್ಯವನ್ನು ನಿಷೇಧಿಸಿದ್ದ ೧೮೭೫ರ ಪೌರಹಕ್ಕು ಕಾಯ್ದೆಯನ್ನು ಸುಪ್ರೀಂ ಕೋರ್ಟ್ ೧೮೮೩ರಲ್ಲಿ ಅಸಿಂಧುಗೊಳಿಸಿತು. ೧೮೯೦ರಲ್ಲಿ ಮಿಸಿಸಿಪ್ಪಿ ರಾಜ್ಯವು ಮತದಾನಕ್ಕೆ ತಲೆಗಂದಾಯವನ್ನೂ ಅಕ್ಷರಜ್ಞಾನದ ಪರೀಕ್ಷೆಯನ್ನೂ ವಿಧಿಸಿತು. ಹಿಂದೆ ಓದಲು ಬಿಡದೆ ಇರಿಸಿದ್ದ ಜನರನ್ನು ಈಗ ಓದು ಬಾರದೆಂಬ ಕಾರಣಕ್ಕೆ ಮತಗಟ್ಟೆಯಿಂದ ದೂರವಿಡಲಾಯಿತು. ದಕ್ಷಿಣದ ರಾಜ್ಯಗಳಲ್ಲಿ ಗುಂಪು ಹತ್ಯೆಗಳು ಹೆಚ್ಚಿದವು. ಇವುಗಳ ವಿರುದ್ಧ ಲೇಖನಿ ಹಿಡಿದ ಯುವ ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರಿಗೆ ಡಗ್ಲಾಸ್ ಬೆಂಬಲ ನೀಡಿದರು. ೧೮೯೪ರಲ್ಲಿ ಇದೇ ವಿಷಯವಾಗಿ ಉಪನ್ಯಾಸ ನೀಡಿದರು.

ನಿಧನ ಮತ್ತು ಸ್ಮರಣೆ

೧೮೯೫ರ ಫೆಬ್ರವರಿ ೨೦ರಂದು ಮಹಿಳಾ ಹಕ್ಕುಗಳ ಸಭೆಯೊಂದರಲ್ಲಿ ಭಾಗವಹಿಸಿ ಮನೆಗೆ ಮರಳಿದ ಡಗ್ಲಾಸ್ ಅಂದು ಸಂಜೆ ಹೃದಯಾಘಾತದಿಂದ ನಿಧನರಾದರು. ರಾಚೆಸ್ಟರ್‌ನ ಮೌಂಟ್ ಹೋಪ್ ಸ್ಮಶಾನದಲ್ಲಿ ಇವರ ಸಮಾಧಿಯಿದೆ. ವಾಷಿಂಗ್ಟನ್‌ನ ಅನಕೋಸ್ಟಿಯಾದಲ್ಲಿರುವ ಇವರ ನಿವಾಸ ‘ಸೀಡರ್ ಹಿಲ್’ ಇಂದು ರಾಷ್ಟ್ರೀಯ ಐತಿಹಾಸಿಕ ತಾಣವಾಗಿದೆ. ಇವರ ಕಾಲದಲ್ಲಿ ಸಂವಿಧಾನದಲ್ಲಿ ಬರೆಯಲಾದ ಹಕ್ಕುಗಳನ್ನು ಜಾರಿಗೊಳಿಸಲು ೧೯೬೪ರ ಪೌರಹಕ್ಕು ಕಾಯ್ದೆ ಮತ್ತು ೧೯೬೫ರ ಮತದಾನ ಹಕ್ಕು ಕಾಯ್ದೆಯವರೆಗೆ ಹೋರಾಟ ಮುಂದುವರಿಯಬೇಕಾಯಿತು.