ಹಳ್ಳಿಗೆ ಆಕಾಶದಿಂದ ಟಿವಿ: ವಿಕ್ರಮ್ ಸಾರಾಭಾಯಿ

ಹುಬ್ಬಳ್ಳಿಯ ಗೋಕುಲ ರಸ್ತೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನಮ್ಮ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಇಲ್ಲಿಯೇ. ವಿಮಾನ ನಿಲ್ದಾಣಕ್ಕೆ ಹೋಗುವುದೂ ಇದೇ ರಸ್ತೆಯಲ್ಲಿ. ಇಂಥ ರಸ್ತೆಯಲ್ಲಿ ಒಂದು ವಿಚಿತ್ರ ವಾಹನ ಬಂತು ಎಂದು ಊಹಿಸಿಕೊಳ್ಳಿ. ಹೊರಗಿನಿಂದ ಅದು ಬಸ್ಸಿನಂತಿದೆ. ಒಳಗೆ ಹಾಸಿಗೆ, ಅಡುಗೆ ಒಲೆ, ನೀರಿನ ತೊಟ್ಟಿ ಎಲ್ಲ ಇವೆ. ಇದನ್ನು ಮೋಟಾರು ಮನೆ ಅಥವಾ ಕ್ಯಾರವಾನ್ ಎನ್ನುತ್ತಾರೆ. ಅದರ ಛಾವಣಿಯ ಮೇಲೆ ಒಂದು ತಟ್ಟೆ ಇದೆ. ಒಳಗಿನ ಟಿವಿಯಲ್ಲಿ ಚಿತ್ರ ಬರುತ್ತಿದೆ!

ಈ ಮನೆಗೆ ಬೀದಿಯ ಹೆಸರಿಲ್ಲ, ಬಾಗಿಲ ಸಂಖ್ಯೆ ಇಲ್ಲ. ಯಾವ ತಂತಿಯೂ ಅದಕ್ಕೆ ಬಂದು ಸೇರಿಲ್ಲ. ಹಾಗಾದರೆ ಚಿತ್ರ ಎಲ್ಲಿಂದ ಬಂತು?

ಆಕಾಶದಿಂದ! ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದಿಂದ. ನೆಲದ ಮೇಲೆ ತಂತಿ ಎಳೆಯಲಾಗದ ಕಡೆಗೆ ಆಕಾಶದಿಂದ ಚಿತ್ರ ಕಳುಹಿಸಬಹುದು ಎಂಬ ಯೋಚನೆಯನ್ನು ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಬೆಳೆಸಿದವರು ಡಾ. ವಿಕ್ರಮ್ ಸಾರಾಭಾಯಿ. ಅವರ ಮನಸ್ಸಿನಲ್ಲಿದ್ದದ್ದು ಪ್ರವಾಸಿಗರ ವಾಹನವಲ್ಲ, ನಿಮ್ಮ ಊರಿನಂಥ ಹಳ್ಳಿ. ಅವರ ಕತೆಯನ್ನು ಈಗ ತಿಳಿಯೋಣ.

ಮನೆಯೇ ಶಾಲೆ

ವಿಕ್ರಮ್ ಸಾರಾಭಾಯಿ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಗುಜರಾತಿನ ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಬಟ್ಟೆ ಗಿರಣಿಗಳ ಒಡೆಯರು. ತಾಯಿ ಸರಳಾದೇವಿ. ಎಂಟು ಮಕ್ಕಳ ತುಂಬು ಮನೆ. ಆ ಮಕ್ಕಳಿಗಾಗಿ ತಂದೆ ತಾಯಿ ಮನೆಯ ಆವರಣದಲ್ಲಿಯೇ ಶಾಲೆ ನಡೆಸಿದರು. ಪಾಠದ ಜೊತೆಗೆ ಕೈಕೆಲಸ ಕಲಿಯಲು ಅಲ್ಲಿ ಒಂದು ಕಾರ್ಯಾಗಾರವೂ ಇತ್ತು. ಬಾಲಕ ವಿಕ್ರಮ್‌ಗೆ ಅದು ಅಚ್ಚುಮೆಚ್ಚಿನ ಜಾಗ. ಇನ್ನೂ ಹುಡುಗನಾಗಿದ್ದಾಗಲೇ ಅವರು ಉಗಿ ರೈಲಿನ ಎಂಜಿನ್ನಿನ ಒಂದು ಮಾದರಿಯನ್ನು ಕಟ್ಟಿದರು. ಅದು ಬರೀ ನೋಡುವ ಬೊಂಬೆಯಾಗಿರಲಿಲ್ಲ, ನಿಜವಾಗಿಯೂ ಓಡುವ ಎಂಜಿನ್ ಆಗಿತ್ತು.

ಮುಂದೆ ಓದಲು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋದರು. 1939ರಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು. ವಿಕ್ರಮ್ ಭಾರತಕ್ಕೆ ಮರಳಬೇಕಾಯಿತು. ಆಗ ಅವರು ಬಂದದ್ದು ನಮ್ಮ ಬೆಂಗಳೂರಿಗೆ.

ಬೆಂಗಳೂರಿನ ದಿನಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗ ನೊಬೆಲ್ ಪ್ರಶಸ್ತಿ ವಿಜೇತ ಸಿ.ವಿ. ರಾಮನ್ ಇದ್ದರು. ಅವರ ಮಾರ್ಗದರ್ಶನದಲ್ಲಿ ವಿಕ್ರಮ್ ವಿಶ್ವಕಿರಣಗಳ ಅಧ್ಯಯನ ಆರಂಭಿಸಿದರು. ವಿಶ್ವಕಿರಣ ಎಂದರೇನು? ದೂರದ ಆಕಾಶದಿಂದ ಬಹಳ ವೇಗವಾಗಿ ಬಂದು ಭೂಮಿಯ ವಾತಾವರಣವನ್ನು ಹೊಡೆಯುವ ಅತಿ ಸೂಕ್ಷ್ಮ ಕಣಗಳು. ಅವು ಕಣ್ಣಿಗೆ ಕಾಣುವುದಿಲ್ಲ. ಉಪಕರಣ ಇಟ್ಟು ಎಣಿಸಬೇಕು. ಅದಕ್ಕಾಗಿ ವಿಕ್ರಮ್ ಕಾಶ್ಮೀರದ ಎತ್ತರದ ಬೆಟ್ಟಗಳಿಗೂ ಹೋದರು. ಹೋಮಿ ಭಾಭಾ ಅವರ ಸ್ನೇಹ ಬೆಳೆದದ್ದೂ ಬೆಂಗಳೂರಿನಲ್ಲಿಯೇ. 1942ರಲ್ಲಿ ನೃತ್ಯ ಕಲಾವಿದೆ ಮೃಣಾಲಿನಿ ಅವರೊಂದಿಗೆ ವಿಕ್ರಮ್ ಅವರ ಮದುವೆಯಾಯಿತು.

ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಆರಂಭಿಸಿದರು. ಆಗ ಅವರ ವಯಸ್ಸು ಕೇವಲ 28!

ಸೈಕಲ್ ಮೇಲೆ ರಾಕೆಟ್

ಆಕಾಶದಿಂದ ಬರುವ ಕಣಗಳನ್ನು ನೆಲದ ಮೇಲೆ ಕುಳಿತು ಎಣಿಸಿದರೆ ಸಾಲದು, ಉಪಕರಣವನ್ನೇ ಮೇಲಕ್ಕೆ ಕಳುಹಿಸಬೇಕು ಎಂದು ಸಾರಾಭಾಯಿಯವರಿಗೆ ಅನ್ನಿಸಿತು. ಅದಕ್ಕೆ ರಾಕೆಟ್ ಬೇಕು. 1962ರಲ್ಲಿ ಸರ್ಕಾರ ಬಾಹ್ಯಾಕಾಶ ಸಂಶೋಧನೆಗೆ ಒಂದು ರಾಷ್ಟ್ರೀಯ ಸಮಿತಿ ರಚಿಸಿತು. ಸಾರಾಭಾಯಿ ಅದರ ಅಧ್ಯಕ್ಷರಾದರು.

ರಾಕೆಟ್ ಹಾರಿಸಲು ಕೇರಳದ ಕಡಲ ತೀರದ ತುಂಬಾ ಎಂಬ ಬೆಸ್ತರ ಊರನ್ನು ಆರಿಸಿದರು. ಭೂಮಿಯ ಕಾಂತೀಯ ಸಮಭಾಜಕ ಈ ಊರಿನ ಹತ್ತಿರದಲ್ಲಿ ಹಾದು ಹೋಗುತ್ತದೆ. ಆದ್ದರಿಂದ ಮೇಲಿನ ವಾತಾವರಣದ ಅಧ್ಯಯನಕ್ಕೆ ಅದು ತಕ್ಕ ಸ್ಥಳವಾಗಿತ್ತು. ಊರಿನ ಜನ ಜಾಗ ಬಿಟ್ಟುಕೊಟ್ಟರು. ಅಲ್ಲಿನ ಚರ್ಚ್ ವಿಜ್ಞಾನಿಗಳ ಕಚೇರಿಯಾಯಿತು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸಿದರು. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ಮೊದಲ ರಾಕೆಟ್ ಹಾರಿತು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು.

ಚಿತ್ರ ಮೊದಲು ಯಾರಿಗೆ?

ಬಡ ದೇಶಕ್ಕೆ ಬಾಹ್ಯಾಕಾಶ ಏಕೆ ಎಂದು ಆಗ ಹಲವರು ಕೇಳುತ್ತಿದ್ದರು. ಅದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಾಗಿರಲಿಲ್ಲ. ಸಾರಾಭಾಯಿ ಅದಕ್ಕೆ ಕೆಲಸದ ಮೂಲಕ ಉತ್ತರ ಹುಡುಕಿದರು.

1959ರಲ್ಲಿ ದೆಹಲಿಯಲ್ಲಿ ಟಿವಿ ಪ್ರಸಾರ ಆರಂಭವಾಗಿತ್ತು. ಹತ್ತು ವರ್ಷ ಕಳೆದರೂ ಅದು ದೆಹಲಿಯನ್ನು ದಾಟಿರಲಿಲ್ಲ. ಏಕೆಂದರೆ ಟಿವಿ ಗೋಪುರದ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿ ಗುಂಡಗಿದೆ. ನಡುವೆ ಗುಡ್ಡಗಳಿವೆ. ಹೀಗಾಗಿ ಒಂದು ಗೋಪುರದ ಚಿತ್ರ ಕೆಲವೇ ಹತ್ತು ಕಿಲೋಮೀಟರ್ ದೂರ ಮುಟ್ಟುತ್ತದೆ. ದೇಶಕ್ಕೆಲ್ಲ ಟಿವಿ ಬೇಕಾದರೆ ನೂರಾರು ಗೋಪುರ ಕಟ್ಟಬೇಕು. ಮೊದಲು ದೊಡ್ಡ ನಗರಕ್ಕೆ, ಆಮೇಲೆ ಸಣ್ಣ ನಗರಕ್ಕೆ, ಕೊನೆಗೆ ಹಳ್ಳಿಗೆ. ಹಳ್ಳಿಯ ಸರದಿ ಬರುವ ಹೊತ್ತಿಗೆ ಅಲ್ಲಿನ ಮಕ್ಕಳು ದೊಡ್ಡವರಾಗಿರುತ್ತಾರೆ!

ಸಾರಾಭಾಯಿ ಈ ಸಾಲನ್ನೇ ತಿರುಗಿಸಿದರು. ಗೋಪುರವನ್ನು ಆಕಾಶದಲ್ಲಿಯೇ ಇಟ್ಟರೆ? ಅಲ್ಲಿಂದ ನೋಡಿದರೆ ನಗರವೂ ಒಂದೇ, ಹಳ್ಳಿಯೂ ಒಂದೇ. ತಟ್ಟೆ ಇದ್ದವರಿಗೆಲ್ಲ ಒಂದೇ ಗಳಿಗೆಯಲ್ಲಿ ಚಿತ್ರ ಸಿಗುತ್ತದೆ. ಹಾಗಾದರೆ ಹಳ್ಳಿಯಿಂದಲೇ ಏಕೆ ಆರಂಭಿಸಬಾರದು?

ನಿಂತಂತೆ ಕಾಣುವ ಉಪಗ್ರಹ

ಉಪಗ್ರಹ ಸದಾ ಓಡುತ್ತಿರುತ್ತದೆ. ಹಾಗಿದ್ದರೆ ನಮ್ಮ ಮನೆಯ ತಟ್ಟೆಯನ್ನು ಅದರ ಕಡೆಗೆ ದಿನವಿಡೀ ತಿರುಗಿಸುತ್ತಿರಬೇಕಲ್ಲವೇ?

ಜಾತ್ರೆಯಲ್ಲಿ ತಿರುಗುವ ಕುದುರೆ ಆಟ ನೋಡಿದ್ದೀರಲ್ಲ? ನೀವು ನಡುವಿನ ಕಂಬದ ಹತ್ತಿರದ ಕುದುರೆಯ ಮೇಲೆ ಕುಳಿತಿದ್ದೀರಿ. ನಿಮ್ಮ ಗೆಳತಿ ಅಂಚಿನ ಕುದುರೆಯ ಮೇಲೆ ಇದ್ದಾಳೆ. ಇಬ್ಬರೂ ಸುತ್ತುತ್ತಿದ್ದೀರಿ. ಆದರೂ ನಿಮಗೆ ಅವಳು ಸದಾ ಒಂದೇ ಕಡೆ ಕಾಣುತ್ತಾಳೆ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವೂ ಹೀಗೆಯೇ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಮುಗಿಸುತ್ತದೆ. ಆದ್ದರಿಂದ ನಮಗೆ ನಿಂತಂತೆ ಕಾಣುತ್ತದೆ. ಇದಕ್ಕೆ ಭೂಸ್ಥಿರ ಕಕ್ಷೆ ಎಂದು ಹೆಸರು. ತಟ್ಟೆಯನ್ನು ಒಮ್ಮೆ ಸರಿಯಾಗಿ ತಿರುಗಿಸಿಟ್ಟರೆ ಸಾಕು.

ಬೆಂಗಳೂರಿಗಿಂತ ಮೊದಲು ನಮ್ಮ ಹಳ್ಳಿಗಳಿಗೆ

ಆಗ ಭಾರತದ ಬಳಿ ಇಂಥ ಉಪಗ್ರಹ ಇರಲಿಲ್ಲ. ಸಾರಾಭಾಯಿ ಅಮೆರಿಕದ ನಾಸಾ ಸಂಸ್ಥೆಯೊಂದಿಗೆ ಮಾತುಕತೆ ನಡೆಸಿದರು. 1969ರಲ್ಲಿ ಒಪ್ಪಂದವಾಯಿತು. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕೊಡುವುದು, ಕಾರ್ಯಕ್ರಮಗಳು ಮತ್ತು ನೆಲದ ಮೇಲಿನ ಉಪಕರಣಗಳು ಭಾರತದವೇ ಆಗಿರುವುದು ಎಂದು ತೀರ್ಮಾನವಾಯಿತು. ಈ ಯೋಜನೆಯೇ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಚಿಕ್ಕದಾಗಿ ಸೈಟ್ ಎನ್ನುತ್ತಾರೆ.

ಆದರೆ ಅದನ್ನು ನೋಡುವ ಭಾಗ್ಯ ಸಾರಾಭಾಯಿಯವರಿಗೆ ಇರಲಿಲ್ಲ. 1971ರ ಡಿಸೆಂಬರ್ 30ರಂದು ಕೇರಳದ ಕೋವಳಂನಲ್ಲಿ, ಕೆಲಸದ ಮೇಲೆ ಹೋಗಿದ್ದಾಗಲೇ ಅವರು ತೀರಿಕೊಂಡರು. ಆಗ ಅವರಿಗೆ 52 ವರ್ಷ. ಕೆಲಸ ಮಾತ್ರ ನಿಲ್ಲಲಿಲ್ಲ. ಅವರು ಬೆಳೆಸಿದ ಯುವ ವಿಜ್ಞಾನಿಗಳು ಅದನ್ನು ಮುಂದುವರಿಸಿದರು.

1975ರ ಆಗಸ್ಟ್ 1ರಂದು ಸೈಟ್ ಆರಂಭವಾಯಿತು. ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಅವುಗಳಲ್ಲಿ ನಮ್ಮ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಗುಲ್ಬರ್ಗಾ ಈಗಿನ ಕಲಬುರಗಿ, ಬಿಜಾಪುರ ಈಗಿನ ವಿಜಯಪುರ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಊರಿನವರಿಗೆ ಬೇಸಾಯ, ಆರೋಗ್ಯ ಮುಂತಾದ ವಿಷಯಗಳು. ಕನ್ನಡದಲ್ಲಿಯೂ ಕಾರ್ಯಕ್ರಮಗಳು ಬರುತ್ತಿದ್ದವು. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಇದರಿಂದ ದೊರೆಯಿತು.

ಬೆಂಗಳೂರಿನಲ್ಲಿ ಟಿವಿ ಪ್ರಸಾರ ಆರಂಭವಾದದ್ದು 1981ರಲ್ಲಿ. ಎಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಉತ್ತರ ಕರ್ನಾಟಕದ ಹಳ್ಳಿ ಮಕ್ಕಳು ಟಿವಿ ನೋಡಿದ್ದರು!

ಕೋಳಿ ಬಲೆಯ ತಟ್ಟೆ

ಆ ಹಳ್ಳಿಗಳಲ್ಲಿ ನಿಲ್ಲಿಸಿದ್ದ ತಟ್ಟೆಗಳು ಸುಮಾರು 3 ಮೀಟರ್ ಅಗಲವಿದ್ದವು. ಅವನ್ನು ಮಾಡಿದ್ದು ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ. ತೂತು ತೂತಾದ ಬಲೆಯಲ್ಲಿ ತರಂಗ ಸೋರಿಹೋಗುವುದಿಲ್ಲವೇ? ಇಲ್ಲ. ಆ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಬಲೆಯ ತೂತು ಅದಕ್ಕಿಂತ ಬಹಳ ಚಿಕ್ಕದು. ಆದ್ದರಿಂದ ತರಂಗಕ್ಕೆ ಬಲೆಯೂ ಗೋಡೆಯಂತೆಯೇ. ಅದು ಬಲೆಗೆ ಬಡಿದು ಹಿಂದಿರುಗಿ, ತಟ್ಟೆಯ ಮುಂದಿರುವ ಗ್ರಾಹಕದಲ್ಲಿ ಒಟ್ಟುಗೂಡುತ್ತದೆ. ಬಲೆಯಿಂದ ಎರಡು ಲಾಭ. ಖರ್ಚು ಕಡಿಮೆ, ಗಾಳಿಗೆ ಬೀಳುವ ಭಯವೂ ಕಡಿಮೆ. ವಿದ್ಯುತ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಟಿವಿಯನ್ನು ಬ್ಯಾಟರಿಯಿಂದ ನಡೆಸಿದರು.

ಒಂದು ತಟ್ಟೆ, ಒಂದು ಟಿವಿ, ಒಂದು ಬ್ಯಾಟರಿ. ಇಂದಿನ ಮೋಟಾರು ಮನೆಯಲ್ಲಿ ಇರುವುದೂ ಇಷ್ಟೇ ಅಲ್ಲವೇ?

1976ರ ಜುಲೈ 31ಕ್ಕೆ ಒಂದು ವರ್ಷ ಮುಗಿಯಿತು. ನಾಸಾ ತನ್ನ ಉಪಗ್ರಹವನ್ನು ಹಿಂದಕ್ಕೆ ಕರೆಸಿಕೊಂಡಿತು. ಹಳ್ಳಿಗಳ ಟಿವಿಗೆ ಆಕಾಶದಿಂದ ಬರುತ್ತಿದ್ದ ಚಿತ್ರ ನಿಂತಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಗೋಪುರ ಬಂದಾಗ ಸುತ್ತಲಿನ ಕೆಲವು ಹಳ್ಳಿಗಳಿಗೆ ಮತ್ತೆ ಚಿತ್ರ ದೊರೆಯಿತು. ಆದರೆ ಎರವಲು ತಂದ ವಸ್ತು ಎಂದಾದರೂ ಹಿಂದಿರುಗಲೇಬೇಕು. ಸ್ವಂತ ಉಪಗ್ರಹ ಬೇಕು ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಎತ್ತಿನ ಗಾಡಿಯ ಮೇಲೆ ಉಪಗ್ರಹ

ಭಾರತದ ಮೊದಲ ಪ್ರಾಯೋಗಿಕ ಸಂಪರ್ಕ ಉಪಗ್ರಹದ ಹೆಸರು ಆಪಲ್. ಬೆಂಗಳೂರಿನಲ್ಲಿ ಅದರ ಆಂಟೆನಾ ಪರೀಕ್ಷೆ ಮಾಡುವಾಗ ಒಂದು ತೊಡಕು ಎದುರಾಯಿತು. ಲೋಹದ ವಾಹನದ ಮೇಲೆ ಇಟ್ಟರೆ ಲೋಹವು ಪರೀಕ್ಷೆಗೆ ಅಡ್ಡಿ ಮಾಡುತ್ತದೆ. ವಿಜ್ಞಾನಿಗಳು ಏನು ಮಾಡಿದರು ಗೊತ್ತೇ? ಮರದ ಎತ್ತಿನ ಗಾಡಿ ತರಿಸಿ ಅದರ ಮೇಲೆ ಉಪಗ್ರಹವನ್ನು ಇಟ್ಟು ಪರೀಕ್ಷಿಸಿದರು! ಆಪಲ್ 1981ರ ಜೂನ್ 19ರಂದು ಆಕಾಶಕ್ಕೆ ಹೋಯಿತು.

ಮರುವರ್ಷ ಹಾರಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೆಟ್ಟಿತು. 1983ರ ಇನ್ಸಾಟ್-1ಬಿ ಯಶಸ್ವಿಯಾಯಿತು. ಅಲ್ಲಿಂದ ಮುಂದೆ ದೇಶದಲ್ಲಿ ಟಿವಿ ವೇಗವಾಗಿ ಹರಡಿತು. ನಮ್ಮ ಭೂಸ್ಥಿರ ಉಪಗ್ರಹಗಳು ತಮ್ಮ ಜಾಗ ಬಿಟ್ಟು ಸರಿಯದಂತೆ ನೋಡಿಕೊಳ್ಳುವ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ.

ಚಲಿಸುವ ಮನೆಗೆ ಚಿತ್ರ ಹೇಗೆ?

ಈಗ ಮೋಟಾರು ಮನೆಗೆ ಮರಳೋಣ. ನಿಮ್ಮ ಮನೆಯ ತಟ್ಟೆ ಅಲುಗುವುದಿಲ್ಲ. ವಾಹನವಾದರೋ ತಿರುವುಗಳಲ್ಲಿ ತಿರುಗುತ್ತದೆ, ಗುಂಡಿಗಳಲ್ಲಿ ಕುಲುಕುತ್ತದೆ. ತಟ್ಟೆಯ ಮುಖ ಸ್ವಲ್ಪ ಬೇರೆಡೆಗೆ ಹೊರಳಿದರೂ ಚಿತ್ರ ಮಾಯ! ಆದ್ದರಿಂದ ಬಹಳ ಜನ ವಾಹನ ನಿಲ್ಲಿಸಿದ ಮೇಲೆ ತಟ್ಟೆಯನ್ನು ಎತ್ತಿ ಉಪಗ್ರಹದ ಕಡೆಗೆ ತಿರುಗಿಸುತ್ತಾರೆ. ಇನ್ನು ಕೆಲವು ತಟ್ಟೆಗಳಿಗೆ ಸಣ್ಣ ಮೋಟಾರು ಇರುತ್ತದೆ. ಸೂರ್ಯಕಾಂತಿ ಸೂರ್ಯನನ್ನು ಹುಡುಕುವಂತೆ ಅವು ತಾವೇ ಉಪಗ್ರಹವನ್ನು ಹುಡುಕಿಕೊಳ್ಳುತ್ತವೆ. ದಟ್ಟ ಮರ ಅಡ್ಡ ಬಂದರೆ ಮಾತ್ರ ಕಷ್ಟ. ಜೋರು ಮಳೆಯಲ್ಲಿಯೂ ಚಿತ್ರ ಒಡೆಯುತ್ತದೆ.

ಇಂಟರ್‌ನೆಟ್ ಬರುವ ದಾರಿ ಬೇರೆ. ರಸ್ತೆಯಲ್ಲಿ ಅದು ಸಾಮಾನ್ಯವಾಗಿ ಮೊಬೈಲ್ ಗೋಪುರಗಳಿಂದ ಬರುತ್ತದೆ. ಒಂದು ಗೋಪುರ ದೂರವಾಗುತ್ತಿದ್ದಂತೆ ಮುಂದಿನ ಗೋಪುರ ವಾಹನವನ್ನು ವಹಿಸಿಕೊಳ್ಳುತ್ತದೆ, ರಿಲೇ ಓಟದಲ್ಲಿ ಕೋಲು ಕೈ ಬದಲಾಯಿಸಿದಂತೆ. ಹುಬ್ಬಳ್ಳಿ ಧಾರವಾಡದ ನಡುವೆ ಇದು ಸುಲಭ. ಪಶ್ಚಿಮ ಘಟ್ಟದ ಕಾಡಿನೊಳಗೆ ಮುಂದಿನ ಗೋಪುರವೇ ಇಲ್ಲದಿದ್ದರೆ? ಕೋಲು ಹಿಡಿಯುವವರಿಲ್ಲ, ಇಂಟರ್‌ನೆಟ್ ಕಡಿಯುತ್ತದೆ. ಅಂಥ ಕಡೆಗೆ ಮತ್ತೆ ಆಕಾಶವೇ ಗತಿ. ಭೂಸ್ಥಿರ ಉಪಗ್ರಹದವರೆಗೆ ಹೋಗಿ ಬರಲು ತರಂಗಕ್ಕೆ ಕಾಲು ಸೆಕೆಂಡಿನಷ್ಟು ಹೊತ್ತು ಬೇಕು. ಈ ತಡವನ್ನು ಕಡಿಮೆ ಮಾಡಲು ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿಯೇ ಸಾವಿರಾರು ಸಣ್ಣ ಉಪಗ್ರಹಗಳನ್ನು ಹಾರಿಸುವ ಪದ್ಧತಿಯೂ ಬಂದಿದೆ.

ಮಕ್ಕಳೇ, ಗೋಪುರ ಜನ ಹೆಚ್ಚು ಇರುವಲ್ಲಿಗೆ ಮೊದಲು ಬರುತ್ತದೆ. ಆಕಾಶದ ತರಂಗ ಎಲ್ಲರ ಮೇಲೂ ಒಟ್ಟಿಗೆ ಬೀಳುತ್ತದೆ. ಸಾರಾಭಾಯಿ ಕಂಡುಕೊಂಡ ಸರಳ ಸತ್ಯ ಇದೇ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ನೌಕೆಗೆ ವಿಕ್ರಮ್ ಎಂದು ಅವರದೇ ಹೆಸರು ಇಟ್ಟಿದ್ದಾರೆ. ಆದರೆ ಅವರನ್ನು ನೆನೆಯಲು ಚಂದ್ರನವರೆಗೆ ಹೋಗಬೇಕಾಗಿಲ್ಲ. ನಿಮ್ಮ ಓಣಿಯ ಛಾವಣಿಗಳನ್ನು ನೋಡಿದರೂ ಸಾಕು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ದಿಕ್ಸೂಚಿ, ನೋಟ್ ಪುಸ್ತಕ, ಪೆನ್ಸಿಲ್.

1. ನಿಮ್ಮ ಓಣಿಯಲ್ಲಿ ಟಿವಿ ತಟ್ಟೆ ಇರುವ ಹತ್ತು ಮನೆಗಳನ್ನು ನೆಲದಿಂದಲೇ ಗಮನಿಸಿ. ಛಾವಣಿ ಹತ್ತಬೇಡಿ.
2. ಪ್ರತಿ ತಟ್ಟೆಯ ಮುಖ ಯಾವ ದಿಕ್ಕಿಗಿದೆ ಎಂದು ದಿಕ್ಸೂಚಿಯಿಂದ ತಿಳಿದು ಬರೆದುಕೊಳ್ಳಿ.
3. ಉತ್ತರಕ್ಕೆ ಮುಖ ಮಾಡಿದ ತಟ್ಟೆ ಒಂದಾದರೂ ಇದೆಯೇ ನೋಡಿ.

ಭೂಸ್ಥಿರ ಉಪಗ್ರಹಗಳು ಭೂಮಧ್ಯರೇಖೆಯ ಮೇಲಿವೆ. ಭೂಮಧ್ಯರೇಖೆ ನಮಗೆ ಯಾವ ದಿಕ್ಕಿನಲ್ಲಿದೆ? ನಿಮ್ಮ ಪಟ್ಟಿಯನ್ನೂ ಈ ಉತ್ತರವನ್ನೂ ಹೋಲಿಸಿ, ತರಗತಿಯಲ್ಲಿ ಚರ್ಚಿಸಿ.

ಯೋಚಿಸಿ

1. ಆಸ್ಟ್ರೇಲಿಯಾದ ಮಕ್ಕಳ ಮನೆಯ ತಟ್ಟೆ ಯಾವ ದಿಕ್ಕಿಗೆ ಓರೆಯಾಗಿರಬೇಕು?
2. ಮೋಟಾರು ಮನೆಯೊಂದು ರಾತ್ರಿ ಕಾಡಿನಂಚಿನಲ್ಲಿ ನಿಲ್ಲಬೇಕಾಗಿದೆ. ಟಿವಿ ಚಿತ್ರ ಸಿಗಬೇಕಾದರೆ ಎಂಥ ಜಾಗವನ್ನು ಆರಿಸಬೇಕು? ಏಕೆ?
3. ನಿಮ್ಮ ಊರಿನಲ್ಲಿ ಮೊದಲು ಟಿವಿ ಬಂದದ್ದು ಯಾವಾಗ, ಯಾರ ಮನೆಗೆ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.